ಏಳು ನಿಮಿಷದ ಬೆಟ್ಟ

ಮಾರ್ಚ್ 3, ಮಂಗಳವಾರ

ಇವತ್ತು ಇನ್ನೂರ ಹನ್ನೊಂದು ಬೆಡ್‌ಶೀಟ್ ನೋಡಿದೆ. ಮನುಷ್ಯರ ಮೇಲೆ ಉಳಿದಿದ್ದ ಚೂರುಪಾರು ಗೌರವವೂ ಹೋಯಿತು. ಮೂರು ಹೋಟೆಲು, ಒಂದು ನರ್ಸಿಂಗ್ ಹೋಮು. ಎಲ್ಲಿ ಮಲಗಿದರೂ ಈ ಜನ ಏನಾದರೊಂದು ಚೆಲ್ಲದೆ ಏಳುವುದಿಲ್ಲ. ಲಾಂಡ್ರಿಯಲ್ಲಿ ನನ್ನ ಕೆಲಸ ಕಲೆ ಹುಡುಕುವುದು. ಟ್ಯೂಬ್‌ಲೈಟಿನ ಕೆಳಗೆ ಬಟ್ಟೆ ಹರಡಿ, ಕಲೆ ಕಂಡಲ್ಲಿ ಒಳಮೈಗೆ ಒಂದು ಹೊಲಿಗೆ ಹಾಕಿ ಗಂಟು ಬಿಗಿಯುತ್ತೇನೆ. ರಕ್ತಕ್ಕೆ ಕೆಂಪು ದಾರ, ಎಣ್ಣೆಗೆ ಹಳದಿ, ಶಾಯಿಗೆ ನೀಲಿ, ಏನೆಂದು ಯೋಚಿಸಲೂ ಮನಸ್ಸಾಗದ್ದಕ್ಕೆ ಕಪ್ಪು. ಒಗೆದು ಬಂದ ಮೇಲೆ ಕಲೆ ಹೋಗಿದ್ದರೆ ಗಂಟು ಕತ್ತರಿಸುತ್ತೇನೆ, ಹೋಗದಿದ್ದರೆ ವಾಪಸ್. ಗಂಟಿರುವ ಬಟ್ಟೆ ಬಾಗಿಲು ದಾಟಬಾರದು. ಇಪ್ಪತ್ತೊಂಬತ್ತು ವರ್ಷದಲ್ಲಿ ಒಂದೂ ದಾಟಿಲ್ಲ.

ಮನೆಗೆ ಬಂದರೆ ಮುಂದಿನ ಕೋಣೆಯಲ್ಲಿ ತಂಗಿ. ಇಪ್ಪತ್ತೆರಡು ವರ್ಷ ಸಿಟಿ ಬಸ್ಸು ಓಡಿಸಿದವಳು. ಸಕ್ಕರೆ ಕಾಯಿಲೆಯಿದ್ದೂ ಶೂ ಕಚ್ಚಿದ ಗಾಯವನ್ನು ‘ಏನಾಗತ್ತೆ ಬಿಡು’ ಎಂದು ತಿಂಗಳುಗಟ್ಟಲೆ ಬಿಟ್ಟಳು. ಡಿಸೆಂಬರಿನಲ್ಲಿ ಬಲಗಾಲು ಮೊಣಕಾಲಿನ ಕೆಳಗೆ ಹೋಯಿತು. ಕೃತಕ ಕಾಲು ಬಂದು ಒಂಬತ್ತು ದಿನವಾಯಿತು. ಮೂಲೆಯಲ್ಲಿ ಛತ್ರಿಯ ಪಕ್ಕ ನಿಂತಿದೆ, ಶೂ ಬೇರೆ ಹಾಕಿಕೊಂಡು. ಇವಳು ಅದರ ಕಡೆ ತಿರುಗಿಯೂ ನೋಡಿಲ್ಲ. ಕಾಲು ಮಾಡಿಕೊಟ್ಟ ಹಿರಿಯರು ಇವತ್ತು ಫೋನಿನಲ್ಲಿ ನನಗೆ ಬೈದರು.

“ನೋಡಮ್ಮಾ, ಈ ಎರಡು ಮೂರು ತಿಂಗಳಲ್ಲಿ ನಡೀಲಿಲ್ಲ ಅಂದ್ರೆ ಮೊಣಕಾಲು ಬಿಗಿದುಹೋಗುತ್ತೆ. ಆಮೇಲೆ ಎಂಥ ಕಾಲು ಮಾಡ್ಕೊಟ್ರೂ ಅಷ್ಟೆ. ಗಾಲಿ ಕುರ್ಚಿನೇ ಗತಿ.”

ಅದನ್ನು ಹಾಗೆಯೇ ಅವಳಿಗೆ ಒಪ್ಪಿಸಿದೆ.

“ಅಕ್ಕ, ಬೆಟ್ಟಕ್ಕೆ ಕರ್ಕೊಂಡು ಹೋಗ್ತೀಯಾ? ಹೋಗ್ತೀನಿ ಅನ್ನು, ನಾಳೆಯಿಂದ್ಲೇ ಹಾಕ್ಕೋತೀನಿ.”

“ಬೆಟ್ಟಕ್ಕಾ? ಬಚ್ಚಲಿಗೆ ಹೋಗೋಕೇ ಇಬ್ಬರು ಬೇಕು ನಿಂಗೆ.”

“ಅದಕ್ಕೇ ಮತ್ತೆ. ಬಚ್ಚಲಿಗೆ ಹೋಗೋಕೆ ಅಂತ ಯಾರಾದ್ರೂ ಕಷ್ಟಪಟ್ಟು ನಡೆಯೋದು ಕಲೀತಾರಾ?”

ಹೂಂ ಎಂದೆ. ಇನ್ನೇನು ಅನ್ನಲಿ. ನನಗೆ ಬೆಟ್ಟವೆಂದರೆ ಆಗದು. ಜನ ಅಲ್ಲಿಗೆ ಹೋಗುವುದು ಶುದ್ಧ ಗಾಳಿಗೆ, ಬಿಟ್ಟುಬರುವುದು ಪ್ಲಾಸ್ಟಿಕ್ಕು ಮತ್ತು ಉಚ್ಚೆ.

ಸಂಜೆ ನರ್ಸಮ್ಮ ಬಂದಳು. ದಿನಕ್ಕೆರಡು ಸಲ ಬಂದು ಕಾಲಿನ ಉಳಿದ ತುದಿಯನ್ನು ತೊಳೆದು, ಒರೆಸಿ, ಬ್ಯಾಂಡೇಜು ಸುತ್ತಿ ಹೋಗುತ್ತಾಳೆ. ಅವಳು ಬಿಚ್ಚುವಾಗ ನಾನು ಅಡುಗೆಮನೆಗೆ ಹೋಗಿ ನಲ್ಲಿ ಬಿಡುತ್ತೇನೆ. ಅದನ್ನು ನಾನಿನ್ನೂ ನೋಡಿಲ್ಲ. ಹೇಸಿಗೆಯಾಗುತ್ತದೆ. ಹೀಗೆಂದು ಯಾರಿಗೂ ಹೇಳುವಂತಿಲ್ಲ, ಅದಕ್ಕೆ ನರ್ಸಮ್ಮ ಬಿಪಿ ಬರೆಯುವ ನೋಟ್‌ಬುಕ್ಕಿನ ಹಿಂಬದಿಯಲ್ಲಿ ಬರೆಯುತ್ತಿದ್ದೇನೆ.

ಮಾರ್ಚ್ 5, ಗುರುವಾರ

ಹಾಕಿಕೊಂಡಳು. ನಾಲ್ಕು ಹೆಜ್ಜೆ. ಐದನೆಯದಕ್ಕೆ ಕಪಾಟು ಹಿಡಿದುಕೊಂಡು ಇಡೀ ಬೀದಿಗೆ ಕೇಳುವಂತೆ ಬೈದಳು. ಡಿಪೋದಲ್ಲಿ ಕಲಿತ ಬೈಗುಳಗಳು. ಐವತ್ತು ದಾಟಿದ ಹೆಂಗಸಿನ ಬಾಯಲ್ಲಿ ಅಂಥ ಮಾತು ಕೇಳಿ ನನಗೇ ನಾಚಿಕೆಯಾಯಿತು.

“ಯಾವ ಬೆಟ್ಟ?” ಎಂದು ಕೇಳಿದೆ.

“ನನ್ನ ಬೆಟ್ಟ, ಇನ್ಯಾವುದು?”

ಅವಳ ಬಸ್ಸಿನ ಕೊನೆಯ ನಿಲ್ದಾಣ ಒಂದು ಬೆಟ್ಟದ ಬುಡದಲ್ಲಿದೆ. ದಿನಕ್ಕೆ ಆರು ಸಲ ಅಲ್ಲಿಯವರೆಗೆ ಹೋಗಿ, ಏಳು ನಿಮಿಷ ನಿಲ್ಲಿಸಿ, ತಿರುಗಿಸಿಕೊಂಡು ಬರುತ್ತಿದ್ದಳು. ಏಳು ನಿಮಿಷದಲ್ಲಿ ಒಂದು ಟೀ ಕುಡಿಯಬಹುದು, ಇಲ್ಲವೇ ಬಚ್ಚಲಿಗೆ ಹೋಗಬಹುದು, ಎರಡೂ ಆಗುವುದಿಲ್ಲ. ಬೆಟ್ಟ ಹತ್ತುವ ಮಾತಂತೂ ದೂರ. ರಜೆಯಲ್ಲಿ ಹೋಗೋಣ ಬಾ ಎಂದು ನನ್ನನ್ನು ಎಷ್ಟು ವರ್ಷ ಕರೆದಳೋ. ಅಲ್ಲಿನ ಕಕ್ಕಸು ಹೇಗಿದೆಯೋ ಏನೋ ಎಂದು ನಾನು ತಳ್ಳಿಹಾಕುತ್ತಿದ್ದೆ. ಬೇರೆ ಯಾರ ಜೊತೆ ಹೋದಾಳು? ನಾವಿಬ್ಬರೂ ಮದುವೆಯಾದವರಲ್ಲ. ನನಗೆ ಯಾರೂ ಸರಿಹೋಗಲಿಲ್ಲ, ಅವಳಿಗೆ ಪುರುಸೊತ್ತಾಗಲಿಲ್ಲ.

“ಅದೊಂದೇ ಅಲ್ಲ, ಮೂರು ಬೆಟ್ಟ ನೋಡ್ತೀನಿ. ಯಾವುದು ಸರಿಯಾಗಿದೆಯೋ ಅದಕ್ಕೆ,” ಎಂದೆ. ಲಾಂಡ್ರಿಯಲ್ಲಿ ಇಸ್ತ್ರಿಯವಳು ಒಂದು ಕರಪತ್ರ ಕೊಟ್ಟಿದ್ದಳು. ‘ಹಿರಿಯರು, ಮಕ್ಕಳು, ಅಂಗವಿಕಲರು: ಎಲ್ಲರಿಗೂ ಸುಲಭ’ ಎಂದು ದಪ್ಪ ಅಕ್ಷರದಲ್ಲಿದೆ. ಅದರ ಮೇಲೊಂದು ಎಣ್ಣೆ ಕಲೆಯೂ ಇದೆ.

ಮಾರ್ಚ್ 8, ಭಾನುವಾರ

ದೂರದ ಬೆಟ್ಟ ನುಣ್ಣಗೆ. ಹತ್ತಿರ ಹೋಗಿ ನೋಡುವ ಕರ್ಮ ಮಾತ್ರ ನನ್ನದು.

ಇದು ತಂತಿಯ ಮೇಲೆ ತೊಟ್ಟಿಲು ಹೋಗುವ ಬೆಟ್ಟ. ‘ಎಲ್ಲರಿಗೂ ಸುಲಭ’ ಎಂಬ ಫಲಕವನ್ನು ಹದಿನಾರು ಮೆಟ್ಟಿಲು ಹತ್ತಿಸಿ ಮೇಲೆ ನಿಲ್ಲಿಸಿದ್ದಾರೆ. ತೊಟ್ಟಿಲು ನಿಲ್ಲುವುದಿಲ್ಲ, ಹೋಗುತ್ತಿರುವಾಗಲೇ ಹಾರಿ ಕೂರಬೇಕು. ಕೂರುವ ಜಾಗಕ್ಕೆ ಯಾರೋ ಅಗಿದ ಗಮ್ಮು ಅಂಟಿಸಿದ್ದರು, ಅದರ ಮೇಲೆ ಇನ್ಯಾರದೋ ಕೂದಲು. ಟಿಕೆಟು ಕೊಡುವವನು ಎಂಜಲು ಬೆರಳಲ್ಲಿ ಹರಿದು ಕೊಟ್ಟ. ಮನೆಗೆ ಬಂದು ನಾಲ್ಕು ಸಲ ಕೈ ತೊಳೆದೆ.

ವಾಪಸ್.

ತಂಗಿ ಹನ್ನೊಂದು ಹೆಜ್ಜೆ ಹಾಕಿದಳಂತೆ. ನಾನು ನೋಡಿಲ್ಲ, ನರ್ಸಮ್ಮ ಹೇಳಿದ್ದು.

ಮಾರ್ಚ್ 15, ಭಾನುವಾರ

ಎರಡನೆಯದು. ಇಳಿಜಾರಿನ ದಾರಿ ಕಟ್ಟಿದ್ದಾರೆ ಎಂದು ಹೊಗಳುತ್ತಿದ್ದರು. ಕಟ್ಟಿದ್ದಾರೆ ನಿಜ. ಆದರೆ ಅದು ನೇರ ಹೋಗಿ ಒಂದು ತಿಂಡಿ ಅಂಗಡಿಯ ಹಿತ್ತಲಲ್ಲಿ, ಪಾತ್ರೆ ತೊಳೆದ ನೀರು ಸುರಿಯುವ ಜಾಗದಲ್ಲಿ ಮುಗಿಯುತ್ತದೆ. ಅಲ್ಲಿ ನಿಂತು ನಾಲ್ಕು ನಾಯಿ ನೋಡಬಹುದು, ಬೆಟ್ಟ ಕಾಣುವುದಿಲ್ಲ. ಗಾಲಿ ಕುರ್ಚಿಯವರಿಗೆಂದು ಬೇರೆ ಕಕ್ಕಸಿದೆ. ಬೀಗ ಹಾಕಿದೆ. ಕಿಟಕಿಯಲ್ಲಿ ಇಣುಕಿದರೆ ಪೊರಕೆ, ಬಣ್ಣದ ಡಬ್ಬ, ಒಂದು ಮುರಿದ ಕುರ್ಚಿ. ಬೀಗದ ಕೈ ಕಾವಲುಗಾರನ ಹತ್ತಿರ. ಕಾವಲುಗಾರ ಊಟಕ್ಕೆ ಹೋಗಿದ್ದ. ಎರಡು ಗಂಟೆ ಕಾದೆ. ಅವನ ಊಟ ಮುಗಿಯಲೇ ಇಲ್ಲ. ಈ ಬೀಗ ತೆಗೆಸಿದ್ದರೆ ಬೆಟ್ಟ ಅಗೆದು ಇಲಿ ಹಿಡಿದ ಪುಣ್ಯವಾದರೂ ಬರುತ್ತಿತ್ತು.

ಬಂದು ಹೇಳಿದರೆ ತಂಗಿ ನಕ್ಕಳು.

“ಎರಡನೇದೂ ವಾಪಸ್ಸಾ? ಅಕ್ಕ, ಅದು ಬೆಟ್ಟ, ಬೆಡ್‌ಶೀಟಲ್ಲ. ಕುಣೀಲಾರದವಳು ನೆಲ ಡೊಂಕು ಅಂದ್ಳಂತೆ. ಇಲ್ಲಿ ಕಾಲಿಲ್ಲದವಳು ಸುಮ್ಮನಿದ್ದಾಳೆ, ಡೊಂಕು ಅಂತಿರೋದು ಎರಡು ಕಾಲಿರೋಳು.”

ಮೈ ಉರಿಯಿತು. ನಾನು ಯಾರಿಗಾಗಿ ಬಿಸಿಲಲ್ಲಿ ಕಕ್ಕಸಿನ ಕಿಟಕಿಗಳಲ್ಲಿ ಇಣುಕುತ್ತಿದ್ದೇನೆ? ನರ್ಸಮ್ಮನೂ ಕಿಸಿಕಿಸಿ ನಕ್ಕಳು. ಅವಳಿಗೆ ಟೀ ಕೊಡಲಿಲ್ಲ.

ಮಾರ್ಚ್ 18, ಬುಧವಾರ

ಕೃತಕ ಕಾಲಿನ ಒಳಗೆ, ಚರ್ಮಕ್ಕೆ ತಾಗುವಂತೆ, ಅವಳು ದಪ್ಪ ಹತ್ತಿಯ ಚೀಲದಂಥ ಕಾಲುಚೀಲ ಹಾಕಿಕೊಳ್ಳಬೇಕು. ಅಂಥವು ನಾಲ್ಕಿವೆ. ಒಗೆಯುವುದು ನಾನೇ, ಬಟ್ಟೆಯನ್ನು ಇನ್ನೊಬ್ಬರ ಕೈಗೆ ಕೊಟ್ಟವಳಲ್ಲ ನಾನು. ಇವತ್ತು ಒಂದರಲ್ಲಿ ಸಾಸಿವೆಯಷ್ಟು ರಕ್ತ ಕಂಡಿತು. ಒಳಮೈಗೆ ಕೆಂಪು ದಾರ ಹಾಕಿ, ತಣ್ಣೀರಲ್ಲಿ ನೆನೆಸಿಟ್ಟೆ. ಕಾಲು ಸ್ವಲ್ಪ ತರಚಿದೆ, ಹೊಸದರಲ್ಲಿ ಹೀಗಾಗುತ್ತದೆ ಎಂದಳು ನರ್ಸಮ್ಮ. ನಾನು ಬರೀ ಬಟ್ಟೆ ನೋಡಿದೆ. ಅಷ್ಟು ಸಾಕು ನನಗೆ.

ಸಾಬೂನು ಹಾಕಿ ತೊಳೆದರೂ ಕೈಯಲ್ಲಿ ಅದರ ವಾಸನೆ ಇದ್ದ ಹಾಗೆ ಅನಿಸುತ್ತಿದೆ.

ಮಾರ್ಚ್ 22, ಭಾನುವಾರ

ಅವಳ ಬೆಟ್ಟಕ್ಕೆ ಹೋದೆ, ಅವಳದೇ ಬಸ್ಸಿನಲ್ಲಿ. ಅವಳ ಜೊತೆ ಹದಿನಾಲ್ಕು ವರ್ಷ ಇದ್ದ ಕಂಡಕ್ಟರ್ ನನ್ನ ಗುರುತು ಹಿಡಿದ. ಕಿವಿಯ ಮೇಲೆ ಪೆನ್ನು ಇಟ್ಟುಕೊಳ್ಳುವ, ಆಮೇಲೆ ಅದೇ ಪೆನ್ನಿನಿಂದ ಬೆನ್ನು ಕೆರೆದುಕೊಳ್ಳುವ ಮನುಷ್ಯ.

“ಡ್ರೈವರಮ್ಮ ಹೇಗಿದ್ದಾರೆ? ಅವರು ಹೋದ ಮೇಲೆ ಈ ಬಸ್ಸಿಗೆ ಬ್ರೇಕ್ ಹಾಕೋರೇ ಇಲ್ಲ ಮೇಡಂ, ಬರೀ ಗುದ್ದೋರೇ.”

“ನಡೀತಿದ್ದಾಳೆ,” ಎಂದೆ. ಸುಳ್ಳಲ್ಲ. ನಿನ್ನೆ ಇಪ್ಪತ್ತಾರು ಹೆಜ್ಜೆ.

“ಕರ್ಕೊಂಡು ಬನ್ನಿ. ಟರ್ನಿಂಗಲ್ಲಿ ಪ್ರತಿ ಸಲ ತಲೆ ಹೊರಗೆ ಹಾಕಿ ಮೇಲೆ ನೋಡೋರು. ‘ಅಲ್ಲಿಂದ ನಮ್ಮ ಬಸ್ಸು ಎಷ್ಟು ಸಣ್ಣಗೆ ಕಾಣತ್ತೋ’ ಅನ್ನೋರು.”

ನನಗೆ ಯಾವತ್ತೂ ಹೇಳಿಲ್ಲ ಇದನ್ನು. ಹೇಳಿದ್ದರೂ ನಾನು ಕಕ್ಕಸಿನ ಮಾತೇ ತೆಗೆಯುತ್ತಿದ್ದೆನೇನೋ.

ಅಳೆದೆ. ನಿಲ್ದಾಣದಿಂದ ಸಿಮೆಂಟಿನ ದಾರಿ, ಒಂದು ಕಡೆ ಕಬ್ಬಿಣದ ಕಂಬಿ. ಮೊದಲ ಬೆಂಚಿಗೆ ನನ್ನ ನೂರ ನಲವತ್ತು ಹೆಜ್ಜೆ, ಎರಡನೆಯದಕ್ಕೆ ನೂರ ಹತ್ತು, ಮೂರನೆಯದಕ್ಕೆ ನೂರ ಅರವತ್ತು. ಅಲ್ಲಿಂದ ಹತ್ತೊಂಬತ್ತು ಕಲ್ಲು ಮೆಟ್ಟಿಲು. ಮೇಲೆ ಸಮತಟ್ಟು. ಬೆಟ್ಟವೆಂದರೆ ಬೆಟ್ಟ, ದಿಬ್ಬವೆಂದರೆ ದಿಬ್ಬ. ಎರಡನೆಯ ಬೆಂಚಿನ ಮೇಲೆ ಹಕ್ಕಿಯ ಹಿಕ್ಕೆ. ಮೂರನೆಯದರ ಕೆಳಗೆ ಬಾಟಲಿ ಚೂರು. ಮೆಟ್ಟಿಲ ತುಂಬ ಉಗುಳು, ಪಾಚಿ, ಒಂದು ಮಗುವಿನ ಡಯಾಪರು. ಅದನ್ನು ಅಲ್ಲಿಯವರೆಗೆ ಹೊತ್ತು ತಂದ ತಾಯ್ತಂದೆಯರ ಮುಖ ನೋಡಬೇಕಿತ್ತು. ನಿಲ್ದಾಣದ ಕಕ್ಕಸಿನ ಬಗ್ಗೆ ಬರೆಯುವುದಿಲ್ಲ. ನಲವತ್ತೊಂದು ದೋಷ ಪಟ್ಟಿ ಮಾಡಿದೆ.

ತಂಗಿ ಪಟ್ಟಿಯನ್ನು ಮೊದಲಿಂದ ಕೊನೆಯವರೆಗೆ ಓದಿದಳು.

“ಇದರಲ್ಲಿ ನನ್ನ ಕಾಲಿಗೆ ಆಗದೇ ಇರೋದು ಯಾವುದು? ಹಿಕ್ಕೆನಾ, ಉಗುಳಾ?”

ಹುಡುಕಿದೆ. ಮೆಟ್ಟಿಲೊಂದೇ.

“ಹತ್ತೊಂಬತ್ತಲ್ವಾ, ಕಲ್ತ್ಕೋತೀನಿ,” ಎಂದಳು. ಏಪ್ರಿಲ್ 5, ಭಾನುವಾರ ಎಂದು ನಿಶ್ಚಯವಾಯಿತು. ವಾಪಸ್ ಎಂದು ಬರೆಯಲು ಪೆನ್ನು ತೆರೆದಿದ್ದೆ, ಮುಚ್ಚಿದೆ.

ಮಾರ್ಚ್ 25, ಬುಧವಾರ

ನರ್ಸಮ್ಮನ ತಾಯಿ ಬಿದ್ದು ಸೊಂಟ ಮುರಿದುಕೊಂಡಿದ್ದಾರಂತೆ, ನಾಲ್ಕು ದಿನ ಊರಿಗೆ ಹೋಗುತ್ತಾಳೆ. ಬ್ಯಾಂಡೇಜು ಸುತ್ತುವುದನ್ನು ಕಲಿಸುತ್ತೇನೆಂದು ನನ್ನನ್ನು ಎದುರಿಗೆ ನಿಲ್ಲಿಸಿಕೊಂಡಳು. ನಾನು ಗೋಡೆಯ ಕ್ಯಾಲೆಂಡರ್ ನೋಡುತ್ತಾ ನಿಂತೆ. ಅದನ್ನು ಮುಟ್ಟಿದ ಅವಳ ಕೈ ನನಗೆ ತಾಗಿದ್ದಕ್ಕೇ ಹೋಗಿ ನಲ್ಲಿ ತಿರುಗಿಸಿದೆ. ಹಿಂದೆಯೇ ಬಂದಳು.

“ಅಮ್ಮಾ, ಕೈ ತೊಳ್ಕೋಬೇಕಾದ್ದು ಮುಟ್ಟೋಕೆ ಮುಂಚೆ. ಅವರಿಗೆ ನಿಮ್ಮಿಂದ ಏನೂ ಅಂಟಬಾರದು ಅಂತ. ನೀವು ಮುಟ್ಟಿದ ಮೇಲೆ ತೊಳೀತಿದ್ದೀರಿ.”

ಇಪ್ಪತ್ತೈದರ ಹುಡುಗಿಯ ಕೈಯಲ್ಲಿ ಪಾಠ ಹೇಳಿಸಿಕೊಂಡೆ. ನನಗೆ ಕೈ ತೊಳೆಯಲು ಬರುವುದಿಲ್ಲವಂತೆ!

ತಂಗಿಗೆ ಎಲ್ಲ ಕೇಳಿಸಿರಬೇಕು. “ನಾನೇ ಸುತ್ಕೋತೀನಿ ಬಿಡಕ್ಕ. ಬಗ್ಗಿದ್ರೆ ಕೈಗೆ ಸಿಗತ್ತೆ,” ಎಂದಳು. ನನಗೆ ಎಷ್ಟು ಹಗುರವಾಯಿತೆಂದರೆ, ಹಗುರವಾದದ್ದಕ್ಕೆ ಅಸಹ್ಯವಾಯಿತು.

ಮಾರ್ಚ್ 28, ಶನಿವಾರ

ಅರವತ್ತು ಹೆಜ್ಜೆ, ಮನೆಯ ಮುಂದಿನ ಮೂರು ಮೆಟ್ಟಿಲು ಎರಡೆರಡು ಸಲ. ಹಲ್ಲು ಕಚ್ಚಿಕೊಂಡು ನಡೆಯುತ್ತಿದ್ದಾಳೆ. ನೋಯುತ್ತಾ ಎಂದರೆ “ಹೊಸ ಶೂ ಕಚ್ಚಲ್ವಾ?” ಎನ್ನುತ್ತಾಳೆ. ಕೋಣೆಯಲ್ಲಿ ಏನೋ ಸಿಹಿಯಾದ ಕೆಟ್ಟ ವಾಸನೆ. ನನ್ನ ಮೂಗಿಗೆ ಮೋಸವಾಗುವುದಿಲ್ಲ. ಕಸದ ಬುಟ್ಟಿ ತೊಳೆದೆ, ಕಿಟಕಿ ತೆರೆದೆ, ಹಾಸಿಗೆ ಬದಲಿಸಿದೆ.

ಹೋಗಲಿಲ್ಲ.

ಮಾರ್ಚ್ 29, ಭಾನುವಾರ

ನರ್ಸಮ್ಮ ಬೆಳಿಗ್ಗೆ ಬಂದಳು. ಬಿಚ್ಚಿದಳು. ನಾನು ಅಡುಗೆಮನೆಯಲ್ಲಿದ್ದೆ. ನನ್ನನ್ನು ಕರೆದ ದನಿ ಕೇಳಿಯೇ ನಲ್ಲಿ ನಿಲ್ಲಿಸಿದೆ.

ಅವಳ ಬೆರಳ ತುದಿಯಲ್ಲಿ ಕಾಲುಚೀಲ. ಒಳಮೈಯಲ್ಲಿ ಕೆಂಪು ದಾರದ ಗಂಟು.

ನನ್ನ ಗಂಟು.

ಮಾರ್ಚ್ 30, ಸೋಮವಾರ

ರಜೆ ಹಾಕಿದೆ. ಬರೆಯದಿದ್ದರೆ ತಲೆ ಸಿಡಿಯುತ್ತದೆ.

ಹದಿನೆಂಟರಂದು ಒಗೆದಾಗ ಕಲೆ ಹೋಗಿತ್ತು. ಒಣಗಿದ ಮೇಲೆ ಕಣ್ಣ ಹತ್ತಿರ ಹಿಡಿದು, ಒಳಗೆ ಬೆರಳು ಹಾಕಿ ಗಂಟು ಕತ್ತರಿಸಬೇಕಿತ್ತು. ಅದರೊಳಗೆ ಬೆರಳು ಹಾಕಲು ಹೇಸಿ, ಎರಡು ಬೆರಳಲ್ಲಿ ತುದಿ ಹಿಡಿದು ಡ್ರಾಯರಿನಲ್ಲಿ ಹಾಕಿದೆ. ಹೋಟೆಲಿನಲ್ಲಿ ಮುಖ ಮೋರೆ ಕಾಣದವರು ಬಿದ್ದು ಹೊರಳಾಡಿದ ಶೀಟುಗಳಿಗೆ ಬೆರಳು ಹಾಕುತ್ತೇನೆ. ನನ್ನ ತಂಗಿಯ ಕಾಲುಚೀಲಕ್ಕೆ ಹಾಕಲಿಲ್ಲ. ಇಪ್ಪತ್ತೊಂಬತ್ತು ವರ್ಷದಲ್ಲಿ ಬಾಗಿಲು ದಾಟಿದ ಒಂದೇ ಒಂದು ಗಂಟು ಅವಳ ಚರ್ಮದ ಮೇಲೆ ಹೋಗಿ ಕೂತಿತು.

ಅವಳು ನಾಲ್ಕು ದಿನ ಅದರ ಮೇಲೆ ನಡೆದಿದ್ದಾಳೆ. ಆ ಜಾಗದಲ್ಲಿ ಅವಳಿಗೆ ಸ್ಪರ್ಶ ಅಷ್ಟಾಗಿ ತಿಳಿಯುವುದಿಲ್ಲವಂತೆ, ತಿಳಿದಷ್ಟನ್ನೂ ಮುಚ್ಚಿಟ್ಟಳು. “ಹೇಳಿದ್ರೆ ನೀನು ಬೆಟ್ಟ ಕ್ಯಾನ್ಸಲ್ ಮಾಡ್ತಿದ್ದೆ,” ಎಂದಳು. ನಾನು ನೋಡಿದ್ದರೆ ಅವಳು ಹೇಳುವುದೇ ಬೇಕಿರಲಿಲ್ಲ. ವಾಸನೆ ಮೂಗಿಗೆ ಬಡಿದಾಗ ಕಸದ ಬುಟ್ಟಿ ತೊಳೆದವಳು ನಾನು.

ನನ್ನ ಮೇಲೆ ನನಗಾಗುತ್ತಿರುವ ಹೇಸಿಗೆಗೆ ಯಾವ ಬಣ್ಣದ ದಾರವೂ ಇಲ್ಲ. ಗಂಟು ನನ್ನದೇ ಎಂದು ಅವಳಿಗೆ ಹೇಳಿದೆ. ಬೈಯಲಿ ಎಂದು ಕಾದೆ, ಆ ಡಿಪೋ ಬೈಗುಳಗಳಲ್ಲೇ. ಅವಳು, “ಗೊತ್ತಾಯ್ತು, ಕೆಂಪು ದಾರ ಇನ್ಯಾರ ಹತ್ರ ಇರತ್ತೆ. ಟೀ ಮಾಡು ಹೋಗು,” ಎಂದಳು.

ಮಾರ್ಚ್ 31, ಮಂಗಳವಾರ

ಕಾಲು ಮಾಡುವವರ ಹತ್ತಿರ ಕರೆದುಕೊಂಡು ಹೋದೆ. ಅವರ ಕೋಣೆಯಲ್ಲಿ ಗೋಡೆ ತುಂಬ ಪ್ಲಾಸ್ಟರಿನ ಅಚ್ಚುಗಳು, ನೆಲದ ಮೇಲೆ ಬಿಳಿ ಹುಡಿ. ಎಲ್ಲೂ ಕೂರಲು ಮನಸ್ಸಾಗಲಿಲ್ಲ. ಅವರು ಗಾಯವನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ನಾನೂ ನೋಡಿದೆ. ಅವಳ ಮೊಣಕಾಲು, ಅದರ ಕೆಳಗೆ ಗಿಡ್ಡ ತುದಿ, ಹೊಲಿಗೆಯ ಗೆರೆ, ಪಕ್ಕದಲ್ಲಿ ಎಂಟಾಣೆ ಅಗಲದ ಹುಣ್ಣು. ಇಷ್ಟೇ. ಗೋಡೆಯ ಕಡೆ ತಿರುಗಲಿಲ್ಲ.

“ಮೂರು ವಾರ ಕಾಲು ಹಾಕೋ ಹಾಗಿಲ್ಲ,” ಎಂದರು. “ವಾಸಿಯಾದ್ರೆ ನಡೀಬಹುದು. ಸೋಂಕು ಮೂಳೆಗೆ ಇಳೀತು ಅಂದ್ರೆ ಡಾಕ್ಟ್ರು ಮೊಣಕಾಲಿನ ಮೇಲಕ್ಕೆ ಹೋಗ್ತಾರೆ. ಆಮೇಲೆ ಈಗಿನ ಹಾಗಲ್ಲಮ್ಮ. ಮೊಣಕಾಲು ಇರೋದೇ ದೊಡ್ಡ ಆಸ್ತಿ.”

ಬಸ್ಸಿನಲ್ಲಿ ಡ್ರೈವರ್ ಗೇರು ಕಿತ್ತು ಎಳೆದಾಗಲೂ ತಂಗಿ ಬೈಯಲಿಲ್ಲ. ಅದು ನನಗೆ ಹೆದರಿಕೆ ಹುಟ್ಟಿಸಿತು.

ನರ್ಸಮ್ಮ ದಿನಕ್ಕೆರಡು ಸಲ ಬರುತ್ತಾಳೆ, ಡ್ರೆಸ್ಸಿಂಗು ನಾಲ್ಕು ಸಲ ಆಗಬೇಕು. ಉಳಿದೆರಡು ನನ್ನ ಪಾಲು.

ಏಪ್ರಿಲ್ 1, ಬುಧವಾರ

ಕೈ ತೊಳೆದೆ. ಮುಟ್ಟಿದೆ. ಕಟ್ಟಿದೆ. ಹೋಗಿ ವಾಂತಿ ಮಾಡಿದೆ. ಅವಳಿಗೆ ಕೇಳಿಸದಿರಲಿ ಎಂದು ನಲ್ಲಿ ಬಿಟ್ಟಿದ್ದೆ. ಕೇಳಿಸಿತು.

“ನಾಳೆ ಟೀ ಕುಡಿಯೋಕೆ ಮುಂಚೆ ಮಾಡಕ್ಕ. ಟೀ ದಂಡ ಆಗಲ್ಲ,” ಎಂದಳು.

ಏಪ್ರಿಲ್ 6, ಸೋಮವಾರ

ನಿನ್ನೆ ಬೆಟ್ಟಕ್ಕೆ ಹೋಗಬೇಕಿದ್ದ ದಿನ. ಇಬ್ಬರೂ ಆ ಮಾತು ಎತ್ತಲಿಲ್ಲ. ಹುಣ್ಣಿನ ಅಂಚು ಬೆಳ್ಳಗಿದೆ, ನಡುವೆ ಹಳದಿ. ಹಳದಿ ಹೋಗಿ ಕೆಂಪಾಗಬೇಕಂತೆ. ಕೆಂಪಾಗಲಿ ಎಂದು ಕಾಯುವ ಕಾಲ ನನಗೂ ಬಂತು.

ಲಾಂಡ್ರಿಗೆ ಹೊಸ ಹೋಟೆಲಿನವರ ಟವೆಲು ಬಂದಿವೆ. ಶೂ ಒರೆಸಿದ್ದಾರೆ ಅದರಲ್ಲಿ. ಇವರ ವಂಶಕ್ಕೇ ಬುದ್ಧಿ ಬರುವುದಿಲ್ಲ.

ಏಪ್ರಿಲ್ 12, ಭಾನುವಾರ

ಕಡಲೆಕಾಳಿನಷ್ಟಾಗಿದೆ. ನರ್ಸಮ್ಮ ಸುತ್ತುವ ಬ್ಯಾಂಡೇಜು ಹಿಂಬದಿಯಲ್ಲಿ ಸಡಿಲವಿರುತ್ತದೆ, ಸಂಜೆಯೊಳಗೆ ಜಾರುತ್ತದೆ. ಅವಳು ಹೋದ ಮೇಲೆ ಬಿಚ್ಚಿ ನಾನು ಮತ್ತೆ ಸುತ್ತಿದೆ. ಯಾರಿಗೂ ಕೆಲಸದ ಮೇಲೆ ನಿಗಾ ಇಲ್ಲ. ಮೊಣಕಾಲು ಬಿಗಿಯಬಾರದೆಂದು ದಿನಕ್ಕೆ ಇನ್ನೂರು ಸಲ ಮಡಿಸಿ ಚಾಚಿಸುತ್ತೇನೆ. ಕಾಲನ್ನು ನನ್ನ ತೊಡೆಯ ಮೇಲೆ ಇಟ್ಟುಕೊಂಡರೆ ಎಣಿಸಲು ಸುಲಭ.

“ನೂರ ತೊಂಬತ್ತೇ ಆಗಿದ್ದು,” ಎಂದೆ.

“ಇನ್ನೂರಾಯ್ತು! ನೀನು ಟಿಕೆಟ್ ಚೆಕ್ಕಿಂಗ್‌ಗೆ ಹೋಗಬೇಕಿತ್ತು.”

ಏಪ್ರಿಲ್ 21, ಮಂಗಳವಾರ

ಮುಚ್ಚಿದೆ! ಕಾಲು ಮಾಡುವವರು ಎರಡು ಸಲ ಒತ್ತಿ ನೋಡಿದರು. ನಾನು ಮೊದಲೇ ನಾಲ್ಕು ಸಲ ಒತ್ತಿ ನೋಡಿದ್ದೆ. ಇವತ್ತಿನಿಂದ ಕಾಲು ಹಾಕಿಕೊಳ್ಳಬಹುದು. ಕಾಲುಚೀಲಗಳನ್ನು ಒಂದೊಂದಾಗಿ ಒಳಮೈ ಹೊರಮಾಡಿ, ಬೆರಳಾಡಿಸಿ, ಕೆನ್ನೆಗೆ ಉಜ್ಜಿ ನೋಡಿ ಕೊಡುತ್ತೇನೆ. ಬೆರಳಿಗಿಂತ ಕೆನ್ನೆಗೆ ಚೆನ್ನಾಗಿ ಗೊತ್ತಾಗುತ್ತದೆ. ಮೇ 3 ಎಂದು ಬರೆದುಕೊಂಡೆ.

ಮೇ 3, ಭಾನುವಾರ

ಹೋಗಿ ಬಂದೆವು. ಕೂತಲ್ಲಿಂದ ಏಳಲಾಗುತ್ತಿಲ್ಲ, ಆದರೂ ಬರೆಯುತ್ತೇನೆ.

ಒಂದು ಚೀಲದಲ್ಲಿ ಎರಡು ಕಾಲುಚೀಲ, ಬ್ಯಾಂಡೇಜು, ಎರಡು ಬಾಟಲಿ ನೀರು, ಬನ್ನು, ಬೇಯಿಸಿದ ಮೊಟ್ಟೆ. ಕೂರಲು ಲಾಂಡ್ರಿಯಲ್ಲಿ ಅಂಚು ಹರಿದು ತೆಗೆದಿಟ್ಟಿದ್ದ ಒಂದು ಬಿಳಿ ಶೀಟು. ಬಸ್ಸಿನಲ್ಲಿ ತಂಗಿಯನ್ನು ಕಂಡು ಕಂಡಕ್ಟರ್ ಪೆನ್ನು ಕಿವಿಯಿಂದ ತೆಗೆದು ಸೆಲ್ಯೂಟ್ ಹೊಡೆದ. ಅವಳು ದಾರಿಯುದ್ದಕ್ಕೂ ಡ್ರೈವರಿಗೆ ಕೇಳುವಂತೆ ಗೊಣಗಿದಳು. “ಕ್ಲಚ್ಚು ಅವರಪ್ಪಂದು ಅಂದ್ಕೊಂಡಿದ್ದಾನೆ.” ಕೊನೆಯ ನಿಲ್ದಾಣದಲ್ಲಿ ಇಳಿದು, ಬಸ್ಸು ಏಳು ನಿಮಿಷ ನಿಂತು ತಿರುಗಿ ಹೋಗುವುದನ್ನು ಪೂರ್ತಿ ನೋಡಿದಳು. ತಾನಿಲ್ಲದೆ ಅದು ಹೋಗುವುದನ್ನು ಅವಳು ನೋಡಿದ್ದು ಇದೇ ಮೊದಲು. ಆಮೇಲೆ ಕಂಬಿ ಹಿಡಿದಳು.

ಮೊದಲ ಬೆಂಚು. ಎರಡನೆಯ ಬೆಂಚು, ಹಿಕ್ಕೆ ಸಮೇತ. ಹಿಂದೆ ಬಂದವರೆಲ್ಲ ನಮ್ಮನ್ನು ದಾಟಿಹೋಗುತ್ತಾ ‘ಪಾಪ’ ಎನ್ನುವ ಮುಖ ಮಾಡಿದರು. ಒಬ್ಬಳು ಬಾಯಿಬಿಟ್ಟೇ ಹೇಳಿದಳು, ಬಾಳೆಹಣ್ಣಿನ ಸಿಪ್ಪೆ ದಾರಿಗೆ ಎಸೆಯುತ್ತಾ. ಅವಳನ್ನು ಕರೆದು ಸಿಪ್ಪೆ ಎತ್ತಿಸಿದೆ. ಮೂರನೆಯ ಬೆಂಚಿಗೆ ಬರುವಾಗ ತಂಗಿ ಹಲ್ಲು ಕಚ್ಚಿದ್ದಳು. ಈ ಹಲ್ಲು ಕಚ್ಚುವುದು ನನಗೀಗ ಗೊತ್ತು.

“ಬಿಚ್ಚು,” ಎಂದೆ.

“ಏನಿಲ್ಲಕ್ಕ.”

“ಬಿಚ್ಚು ಅಂದೆ.”

ಹುಣ್ಣು ಮಾಗಿದ್ದ ಜಾಗವೇ ಕೆಂಪಗಾಗಿತ್ತು. ಒಂದು ಹನಿ ರಕ್ತ. ಇನ್ನು ಒಂದು ಹೆಜ್ಜೆಯನ್ನೂ ಆ ಕಾಲಿನ ಮೇಲೆ ಹಾಕಲು ಬಿಡುವುದಿಲ್ಲ ಎಂದೆ. ಅವಳು ಜಗಳವಾಡಲಿಲ್ಲ. ಮೆಟ್ಟಿಲುಗಳ ಕಡೆ ನೋಡಿ, “ಹತ್ತೊಂಬತ್ತು,” ಎಂದಳು, ಅಷ್ಟೆ. ಬೈದಿದ್ದರೆ ವಾಸಿಯಿತ್ತು. ಇಷ್ಟು ವರ್ಷ ಕರೆದಾಗ ಬಂದಿದ್ದರೆ ಎರಡು ಕಾಲಲ್ಲಿ ಓಡಿಕೊಂಡು ಹತ್ತುತ್ತಿದ್ದಳು. ಆ ಲೆಕ್ಕ ನನ್ನ ತಲೆಯ ಮೇಲಿದೆ.

“ಕೂತ್ಕೊಂಡು ಹತ್ತು,” ಎಂದೆ.

“ಏನು?”

“ಮೆಟ್ಟಿಲ ಮೇಲೆ ಬೆನ್ನು ಮಾಡಿ ಕೂತ್ಕೋ. ಕೈ ಊರು, ಎಡಗಾಲಲ್ಲಿ ಒತ್ತು, ಒಂದು ಮೆಟ್ಟಿಲು ಮೇಲಕ್ಕೆ ಕೂರು. ಮತ್ತೆ ಹಾಗೇ.”

“ಈ ಕೊಳಕಿನ ಮೇಲಾ? ಅಕ್ಕ, ನೀನಾ ಈ ಮಾತು ಹೇಳ್ತಿರೋದು?”

ಶೀಟು ಮಡಿಸಿ, ಒಂದು ಮೂಲೆ ಒದ್ದೆ ಮಾಡಿ ಮೊದಲ ಮೆಟ್ಟಿಲು ಒರೆಸಿದೆ. ಅವಳು ಕೂತಳು. ಎರಡನೆಯದು ಒರೆಸಿದೆ. ಅವಳು ಏರಿದಳು. ನನ್ನ ಬಲ ಕಂಕುಳಲ್ಲಿ ಶೂ ತೊಟ್ಟ ಕೃತಕ ಕಾಲು, ಎಡಗೈಯಲ್ಲಿ ಶೀಟು. ಉಗುಳು ಒರೆಸಿದೆ. ಪಾಚಿ ಒರೆಸಿದೆ. ಯಾರೋ ಚೆಲ್ಲಿದ ಹಣ್ಣಿನ ರಸ, ಇರುವೆಗಳ ಸಮೇತ. ಹನ್ನೊಂದನೆಯ ಮೆಟ್ಟಿಲ ಮೇಲಿದ್ದದ್ದಕ್ಕೆ ಕಪ್ಪು ದಾರವೂ ನಾಚುತ್ತಿತ್ತು, ಅದನ್ನೂ ಒರೆಸಿದೆ. ಥೂ, ಈ ಜನ! ಬೆಟ್ಟವನ್ನು ಸೃಷ್ಟಿಸಿದವನಿಗೆ ಒಂದು ಬಕೆಟ್ ನೀರು ಇಡಲು ತೋಚಲಿಲ್ಲವೇ? ಮೇಲಿನಿಂದ ಇಳಿಯುವವರು ನಿಂತು ನೋಡಿದರು. ಒಬ್ಬ ಫೋನು ಎತ್ತಿದ. ಕೃತಕ ಕಾಲನ್ನು ಅವನ ಕಡೆ ಎತ್ತಿ ತೋರಿಸಿದೆ, ಫೋನು ಇಳಿಸಿದ. ತಂಗಿಗೆ ನಗು ಬಂದು ಹದಿನಾಲ್ಕನೆಯ ಮೆಟ್ಟಿಲಲ್ಲಿ ಐದು ನಿಮಿಷ ಕೂತೇ ಇದ್ದಳು. ನನಗೂ ಬಂತು. ಕಾರಣ ಏನೋ ನೆನಪಿಲ್ಲ.

ಹತ್ತೊಂಬತ್ತು.

ಮೇಲೆ ಗಾಳಿ ಇತ್ತು, ಒಂದು ಮರ ಇತ್ತು, ನಾಲ್ಕು ಚಿಪ್ಸ್ ಪೊಟ್ಟಣ ಇದ್ದವು. ನಲ್ಲಿ ಇರಲಿಲ್ಲ. ಅವಳ ಕಾಲಿಗೆ ಧೂಳು ಮೆತ್ತಿತ್ತು. ಗಾಯಕ್ಕೆ ಕೈ ತಾಗಿಸದೆ ನೀರು ಸುರಿದು ತೊಳೆದು, ಬ್ಯಾಂಡೇಜಿನ ತುದಿಯಿಂದ ಒರೆಸಿ, ಸುತ್ತಿ ನನ್ನ ಮಡಿಲಲ್ಲಿ ಇಟ್ಟುಕೊಂಡೆ. ಅಂಚಿನ ಕಂಬಿಗೆ ಒರಗಿ ಕೂತೆವು, ಬನ್ನು ತಿಂದೆವು. ಮಧ್ಯಾಹ್ನದ ಬಸ್ಸು ಬಂತು. ಮೇಲಿನಿಂದ ಅದು ಬೆಂಕಿಪೊಟ್ಟಣದಷ್ಟಿತ್ತು. ನಿಂತಿತು. ತಂಗಿ ಗಡಿಯಾರ ನೋಡಲಿಲ್ಲ, ಆದರೂ ಅದು ಹೊರಡುವ ಕ್ಷಣಕ್ಕೆ ಸರಿಯಾಗಿ, “ಹೂಂ, ಗೇರ್ ಹಾಕು,” ಎಂದಳು. ಬಸ್ಸು ಹೊರಟಿತು.

“ಇಷ್ಟು ಉದ್ದಾನಾ ಏಳು ನಿಮಿಷ?” ಎಂದಳು. “ಕೆಳಗೆ ಇದ್ದಾಗ ಎಷ್ಟು ಕಮ್ಮಿ ಅನಿಸ್ತಿತ್ತು.”

ಅವಳ ಕಣ್ಣಲ್ಲಿ ನೀರಿತ್ತು. ಗಾಳಿಗೆ ಎಂದಳು. ನಾನೂ ಹಾಗೇ ಎಂದೆ.

ಇಳಿಯುವಾಗ ಕಂಡಕ್ಟರ್ ತನ್ನ ಊಟದ ಬಿಡುವಿನಲ್ಲಿ ಮೇಲೆ ಬಂದು ಒಂದು ಕಡೆ ಹೆಗಲು ಕೊಟ್ಟ. ಬೆವರು ನಾರುತ್ತಿದ್ದ. ಒಳ್ಳೆಯ ಮನುಷ್ಯ.

ಮೇ 4, ಸೋಮವಾರ

ಕೆಂಪು ಇಳಿದಿದೆ. ಹುಣ್ಣು ಮತ್ತೆ ಬಾಯಿಬಿಟ್ಟಿಲ್ಲ. ಕಾಲು ಮಾಡುವವರು ಫೋನಿನಲ್ಲಿ ಬೈದರು, ಆಮೇಲೆ “ಮೇಲಿಂದ ಏನು ಕಾಣುತ್ತಮ್ಮ?” ಎಂದು ಕೇಳಿದರು. ಕೃತಕ ಕಾಲಿನ ಒಳಗಿನ ಅಚ್ಚನ್ನು ಆ ಜಾಗದಲ್ಲಿ ಸ್ವಲ್ಪ ಕೆರೆದು ಕೊಡುತ್ತಾರಂತೆ. ನಾಳೆ ಹೋಗಬೇಕು.

ಶೀಟನ್ನು ಮೂರು ನೀರಲ್ಲಿ ಒಗೆದೆ. ಎಲ್ಲ ಹೋಯಿತು, ಪಾಚಿಯ ಹಸಿರು ಹೋಗಲಿಲ್ಲ. ನಮ್ಮಲ್ಲಿ ಹಸಿರಿಗೆ ದಾರವಿಲ್ಲ, ಯಾವತ್ತೂ ಬೇಕಾಗಿರಲಿಲ್ಲ. ಒಣಗಿಸಿ ಮಡಿಸಿ ಅದೇ ಚೀಲದಲ್ಲಿ ಇಟ್ಟೆ.

ತಂಗಿ ನರ್ಸಮ್ಮನ ಎದುರು ಕತೆ ಹೇಳುತ್ತಿದ್ದಳು. “ಇವಳು ಮೇಲೆ ಕೈ ತೊಳ್ಕೊಳ್ದೆ ಬನ್ನು ತಿಂದ್ಳು ಗೊತ್ತಾ? ಉಗುಳು ಒರೆಸಿದ ಕೈ!” ಎಂದಳು. ಶುದ್ಧ ಸುಳ್ಳು ಎಂದು ರೇಗಿದೆ. ಆಮೇಲೆ ಕೂತು ಯೋಚಿಸಿದೆ. ಎರಡು ಬಾಟಲಿಗಳಲ್ಲಿ ಒಂದು ಮೆಟ್ಟಿಲಿಗಾಯಿತು. ಇನ್ನೊಂದನ್ನು, ಕೊನೆಯ ಹನಿಯವರೆಗೆ, ಅವಳ ಕಾಲಿಗೆ ಸುರಿದಿದ್ದೆ. ಹಾಗಾದರೆ ತಿಂದಿದ್ದೇನೆ. ಛೀ! ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ.

ಸಂಜೆ ಬ್ಯಾಂಡೇಜು ಕಟ್ಟುವ ಮೊದಲು ಸಾಬೂನು ಹಾಕಿ ಮೊಣಕೈವರೆಗೆ ತೊಳೆದುಕೊಂಡೆ. ಕಟ್ಟಿದ ಮೇಲೆ ತೊಳೆದೆನೋ ಇಲ್ಲವೋ, ನೆನಪಿಲ್ಲ.